ಇಂಗ್ಲಿಷ್ ಓಡುವ ಕಡೆ ಕನ್ನಡ ನಡೆಯುತ್ತದೆ, ನಿಲ್ಲುತ್ತದೆ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಮಗಳು ಇಂಗ್ಲಿಷ್ ಮೀಡಿಯಂ, ಆರನೇ ಕ್ಲಾಸು. ಮನೆಯಲ್ಲಿ ಕನ್ನಡ, ಬಿಲ್ಡಿಂಗ್‌ನಲ್ಲಿ ಹಿಂದಿ, ಮರಾಠಿ. ಮೊನ್ನೆ "ಅಜ್ಜ ಮಾಟುಂಗಾದಲ್ಲಿ ಹೋಟೆಲ್ ಓಡಿಸುತ್ತಿದ್ದರು" ಅಂದಳು. ಊರಿಂದ ಬಂದಿದ್ದ ಅತ್ತೆ ನಕ್ಕುಬಿಟ್ಟರು, ಅವಳು ಮುಖ ಸಣ್ಣ ಮಾಡಿಕೊಂಡಳು. ಇಂಗ್ಲಿಷಿನಲ್ಲಿ ರನ್ ಅಂತಾರಲ್ಲ, ತಪ್ಪೇನು ಅಂತ ಕೇಳುತ್ತಾಳೆ. ಈ ರನ್‌ಗೆ 645 ಅರ್ಥ ಇದೆಯಂತೆ, ನಿಜವಾ? ಅಷ್ಟನ್ನೂ ಕಲಿಸೋದು ಹೇಗೆ?

ಉತ್ತರ: ಮಗಳು ಯೋಚನೆ ಮಾಡಿಯೇ ಮಾತಾಡಿದ್ದಾಳೆ, ಅದನ್ನು ಮೊದಲು ಅವಳಿಗೆ ಹೇಳಿ. ಇಂಗ್ಲಿಷಿನಲ್ಲಿ ರೈಲೂ ರನ್ ಆಗುತ್ತದೆ, ಹೋಟೆಲನ್ನೂ ರನ್ ಮಾಡುತ್ತಾರೆ. ಹಿಂದಿಯಲ್ಲಿ ಗಾಡಿಗೂ ಚಲಾನಾ, ಹೋಟೆಲಿಗೂ ಚಲಾನಾ. ಮರಾಠಿಯಲ್ಲಿ ಎರಡಕ್ಕೂ ಚಾಲವಣೆ. ದಿನವಿಡೀ ಅವಳ ಕಿವಿಗೆ ಬೀಳುವ ಮೂರು ಭಾಷೆಯಲ್ಲೂ ಎರಡು ಕೆಲಸಕ್ಕೆ ಒಂದೇ ಮಾತು. ನಾವು ಮಾತ್ರ ಗಾಡಿ ಓಡಿಸುತ್ತೇವೆ, ಹೋಟೆಲ್ ನಡೆಸುತ್ತೇವೆ. ಆರನೇ ಕ್ಲಾಸಿನ ಹುಡುಗಿಗೆ ಇದನ್ನು ಯಾರಾದರೂ ಹೇಳಿಕೊಡಬೇಕಲ್ವಾ? ನಗಬಾರದಿತ್ತು.

645 ನಿಜ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯನ್ನು ಹೊಸದಾಗಿ ತಿದ್ದುತ್ತಿದ್ದಾಗ ಕ್ರಿಯಾಪದ ರನ್ ಒಂದಕ್ಕೇ ಅಷ್ಟು ಅರ್ಥ ಸಿಕ್ಕವು, 2011ರಲ್ಲಿ ಪತ್ರಿಕೆಗಳಲ್ಲೂ ಬಂತು. ಪೀಟರ್ ಗಿಲಿವರ್ ಅನ್ನುವ ಸಂಪಾದಕರು ಈ ಒಂದೇ ಪದಕ್ಕೆ ಒಂಬತ್ತು ತಿಂಗಳು ಕೂತಿದ್ದರು. ಅದಕ್ಕೂ ಮುಂಚೆ, 1989ರ ಆವೃತ್ತಿಯಲ್ಲಿ, ಸೆಟ್ ಅನ್ನುವ ಪದವೇ 430 ಅರ್ಥ ಇಟ್ಟುಕೊಂಡು ಮುಂದಿತ್ತು. ಆದರೆ ಸಂಖ್ಯೆ ನೋಡಿ ಹೆದರಬೇಡಿ. ಅದರಲ್ಲಿ ಈಗ ಯಾರೂ ಬಳಸದ ಅರ್ಥಗಳು ಬೇಕಾದಷ್ಟಿವೆ, ಕೂದಲೆಳೆಯಷ್ಟು ವ್ಯತ್ಯಾಸ ಇರುವವೂ ಇವೆ. ಸುಮ್ನೆ ಪಟ್ಟಿ ಬಾಯಿಪಾಠ ಮಾಡಿಸಬೇಡಿ.

ಅವಳಿಗೆ ಎರಡು ಚಿತ್ರ ಕೊಡಿ, ಸಾಕು. ಒಂದು ಕಾಲಿನ ಓಟ, ಇನ್ನೊಂದು ನೀರಿನ ಹರಿವು. ಇದೇ ಪದಕ್ಕೆ ಜರ್ಮನ್ ಭಾಷೆಯಲ್ಲಿ ರಿನ್ನೆನ್ ಅಂತ ಒಂದು ನೆಂಟ ಇದೆ, ಅದರ ಅರ್ಥ ಹರಿಯುವುದು. ಹಾಗಾಗಿ ಇಂಗ್ಲಿಷಿನವರಿಗೆ ನಲ್ಲಿ ನೀರು, ನೆಗಡಿಯ ಮೂಗು, ಒಗೆದಾಗ ಹೋಗುವ ಬಟ್ಟೆಯ ಬಣ್ಣ ಎಲ್ಲವೂ ರನ್ನೇ. ನಮ್ಮಲ್ಲಿ ನೀರು ಹರಿಯುತ್ತದೆ, ಮೂಗು ಸೋರುತ್ತದೆ, ಬಣ್ಣ ಬಿಡುತ್ತದೆ. ಅವರ ಒಂದು ಪದದ ಜಾಗದಲ್ಲಿ ನಮಗೆ ಮೂರು ಇವೆ, ಮೂರೂ ಎಷ್ಟು ಖಚಿತವಾಗಿವೆ ನೋಡಿ.

ಕಾಲಿನ ಓಟದಿಂದ ಹುಟ್ಟಿದ್ದು ಇನ್ನೂ ಜಾಸ್ತಿ. ಯಂತ್ರಗಳು ಬಂದ ಮೇಲಂತೂ ಎಂಜಿನ್ನು, ಮಿಲ್ಲು, ಈಗ ಕಂಪ್ಯೂಟರ್ ಪ್ರೋಗ್ರಾಂ, ಎಲ್ಲವೂ ರನ್ ಆಗತೊಡಗಿದವು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟಿತು, ಅದು ಇಂಗ್ಲಿಷಿನಲ್ಲಿ ರನ್ ಆದದ್ದೇ. ಗಣಪತಿ ಹಬ್ಬಕ್ಕೆ ಕೊಂಕಣದ ಕಡೆ ಸ್ಪೆಷಲ್ ಗಾಡಿ ರನ್ ಮಾಡುತ್ತಾರೆ ಅಂತ ಇಂಗ್ಲಿಷ್ ಪೇಪರಿನಲ್ಲಿ ಬರುತ್ತದಲ್ಲ, ಅದನ್ನು ನಾವು ಮನೆಯಲ್ಲಿ ಹೇಗೆ ಹೇಳುತ್ತೇವೆ? ಗಾಡಿ ಬಿಡುತ್ತಾರೆ. ಬಟ್ಟೆ ಬಣ್ಣ ಬಿಟ್ಟಿತು, ರೈಲ್ವೆಯವರು ಗಾಡಿ ಬಿಟ್ಟರು. ನಮ್ಮ ಈ 'ಬಿಡು' ಕೂಡ ಏನು ಕಡಿಮೆಯದಲ್ಲ, ಅದರ ಅರ್ಥಗಳನ್ನೂ ಒಮ್ಮೆ ಕೂತು ಎಣಿಸಬೇಕು ಅಂತ ನನಗೆ ಬಹಳ ದಿನದ ಆಸೆ.

ಚುನಾವಣೆಯದು ನನಗೆ ತುಂಬಾ ಇಷ್ಟದ ಉದಾಹರಣೆ. ಅಮೆರಿಕದಲ್ಲಿ ಚುನಾವಣೆಗೆ ರನ್ ಮಾಡುತ್ತಾರೆ, ಅಂದರೆ ಓಡುತ್ತಾರೆ. ಬ್ರಿಟನ್ನಿನಲ್ಲಿ ನಿಲ್ಲುತ್ತಾರೆ. ನಾವೂ ನಿಲ್ಲುತ್ತೇವೆ. ಕೆಲಸ ಒಂದೇ, ಒಬ್ಬರಿಗೆ ಓಟ, ಇನ್ನೊಬ್ಬರಿಗೆ ನಿಲುವು! ಬ್ಯಾಂಕಿಗೆ ತೊಂದರೆ ಅಂತ ಗಾಳಿಸುದ್ದಿ ಹಬ್ಬಿ ಎಲ್ಲರೂ ದುಡ್ಡು ತೆಗೆಯಲು ಬಂದರೆ ಇಂಗ್ಲಿಷಿನಲ್ಲಿ ಬ್ಯಾಂಕಿನ ಮೇಲೆ ರನ್, ಕನ್ನಡದಲ್ಲಿ ಜನ ಮುಗಿಬಿದ್ದರು. ಇನ್ನು ಕ್ರಿಕೆಟ್ಟು. ಚೆಂಡು ಬೌಂಡರಿ ದಾಟಿದರೆ ಬ್ಯಾಟ್ಸ್‌ಮನ್ ಓಡಬೇಕಾಗಿಲ್ಲ, ಆದರೂ ನಾಲ್ಕು ರನ್.

ಹಾಗಂತ ಕನ್ನಡದಲ್ಲಿ 'ಓಡು' ಬರೀ ಕಾಲಿಗೇ ಕಟ್ಟಿಕೊಂಡಿಲ್ಲ. ಸಿನಿಮಾ ನೂರು ದಿನ ಓಡುತ್ತದೆ. ನಿದ್ದೆ ಕೆಟ್ಟರೆ ತಲೆ ಓಡುವುದಿಲ್ಲ. ಇವನ್ನೂ ಮಗಳಿಗೆ ಹೇಳಿ, ತನ್ನ ಭಾಷೆಯಲ್ಲೂ ಈ ಆಟ ಇದೆ ಅಂತ ಅವಳಿಗೆ ಖುಷಿಯಾಗುತ್ತದೆ.

ಕಲಿಸುವ ದಾರಿ ಕೇಳಿದ್ದೀರಿ. ರನ್ ಅನ್ನು ಒಂಟಿಯಾಗಿ ಕಲಿಸಬೇಡಿ, ಅಷ್ಟೇ. ಅದರ ಜೊತೆಗೆ ಯಾವ ಪದ ಕೂತಿದೆ ನೋಡಲು ಹೇಳಿ. ಹಿಂದೆ ಔಟ್ ಬಂದರೆ ಹಾಲು, ಸಕ್ಕರೆ, ದುಡ್ಡು ಖಾಲಿಯಾಗಿದೆ. ಇನ್‌ಟು ಬಂದರೆ ದಾದರ್ ಸ್ಟೇಷನ್ನಿನಲ್ಲಿ ಹಳೇ ಗೆಳತಿ ಅಚಾನಕ್ಕಾಗಿ ಸಿಕ್ಕಿದ್ದಾಳೆ, ಇಲ್ಲವೇ ಒಂದು ಗಾಡಿ ಇನ್ನೊಂದಕ್ಕೆ ಗುದ್ದಿದೆ. ಆಮೇಲೆ ಇದನ್ನೇ ಅಜ್ಜಿಗೆ ಹೇಳುವುದಾದರೆ ಹೇಗೆ ಹೇಳುತ್ತೀ ಅಂತ ಕೇಳಿ. ಅಜ್ಜಿ ಮುಂದೆ ಯಾರೂ "ನನಗೆ ಜ್ವರ ಓಡುತ್ತಿದೆ" ಅನ್ನುವುದಿಲ್ಲ, "ಜ್ವರ ಬಂದಿದೆ" ಅಂತ ತಾನಾಗಿ ಬಾಯಿಗೆ ಬರುತ್ತದೆ.

ಒಂದು ವಾರ ಹೀಗೆ ಮಾಡಿ ನೋಡಿ. ಅವಳು ಹೊಸದೇನಾದರೂ ಕಂಡುಹಿಡಿದರೆ ಅವಳ ಕೈಯಲ್ಲೇ ಬರೆಸಿ ಕಳಿಸಿ.