ಸೊನ್ನೆಯಿಂದ ಭಾಗಿಸಬಾರದು ಅಂದ್ಮೇಲೆ ಹೊಡೆದುಹಾಕೋದು ಹೇಗೆ?

ಪ್ರಶ್ನೆ: ಸರ್, ನಾನು ಫಸ್ಟ್ ಪಿಯುಸಿ ಸೈನ್ಸ್. ಎಕ್ಸ್ 2ರ ಹತ್ರ ಹೋದಾಗ, ಮೇಲೆ ಎಕ್ಸ್ ಘನ ಮೈನಸ್ 8, ಕೆಳಗೆ ಎಕ್ಸ್ ವರ್ಗ ಮೈನಸ್ 4, ಇದರ ಲಿಮಿಟ್, ಅಂದ್ರೆ ಬೆಲೆ ಯಾವ ಸಂಖ್ಯೆಯ ಹತ್ರ ಹೋಗುತ್ತೆ ಅನ್ನೋದನ್ನ, ಕಂಡುಹಿಡೀಬೇಕಿತ್ತು. 2 ಹಾಕಿದ್ರೆ ಮೇಲೂ ಸೊನ್ನೆ ಕೆಳಗೂ ಸೊನ್ನೆ. ಕ್ಲಾಸಲ್ಲಿ ಎಕ್ಸ್ ಮೈನಸ್ 2 ಅನ್ನೋದನ್ನ ಎರಡೂ ಕಡೆ ಹೊಡೆದುಹಾಕಿ ಉತ್ತರ 3 ಅಂತ ಬರೆಸಿದ್ರು. ಅದೇ ಸೊನ್ನೆ ಅಲ್ವಾ? ಸೊನ್ನೆಯಿಂದ ಭಾಗಿಸಬಾರದು ಅಂತ ಹೈಸ್ಕೂಲಲ್ಲಿ ಹೇಳ್ಕೊಟ್ಟಿದ್ರಲ್ಲ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಈ ಅನುಮಾನ ಬಂದಿದ್ದು ನಂಗೆ ನಿಜವಾಗ್ಲೂ ಖುಷಿ, ಯಾಕಂದ್ರೆ 1734ರಲ್ಲಿ ಐರ್ಲೆಂಡಿನ ತತ್ವಜ್ಞಾನಿ ಜಾರ್ಜ್ ಬರ್ಕ್ಲಿ ನ್ಯೂಟನ್‌ನ ಕ್ಯಾಲ್ಕುಲಸ್ ಲೆಕ್ಕದ ಮೇಲೆ ತೆಗೆದ ತಕರಾರೂ ಹೆಚ್ಚುಕಮ್ಮಿ ಇದೇ, ಭಾಗಿಸೋವಾಗ ಸೊನ್ನೆ ಅಲ್ಲ ಅಂತೀರ, ಕೆಲಸ ಮುಗಿದ್ಮೇಲೆ ಸೊನ್ನೆ ಅಂತೀರ, ಇದ್ಯಾವ ನ್ಯಾಯ ಅಂತ. ಗಟ್ಟಿ ಉತ್ತರಕ್ಕೆ 19ನೇ ಶತಮಾನದ ಗಣಿತಜ್ಞರಾದ ಕೋಶಿ, ವೈರ್‌ಸ್ಟ್ರಾಸ್ ಬರೋವರೆಗೂ ಕಾಯಬೇಕಾಯ್ತು.

ವಿಷಯ ಏನಂದ್ರೆ ಲಿಮಿಟ್ ತೆಗೆಯೋವಾಗ ಎಕ್ಸ್ 2 ಆಗೋದೇ ಇಲ್ಲ, ಅದರ ಅಕ್ಕಪಕ್ಕ ಮಾತ್ರ ಓಡಾಡುತ್ತೆ. ಕ್ಯಾಲ್ಕುಲೇಟರ್ ತಗೊಂಡು 2.01 ಹಾಕಿ ನೋಡಿ, ಮೇಲೆ 0.120601, ಕೆಳಗೆ 0.0401, ಭಾಗಿಸಿದ್ರೆ 3.0075 ಚಿಲ್ಲರೆ. ಈ ಕಡೆಯಿಂದ 1.99 ಹಾಕಿದ್ರೆ 2.9925. ಎರಡೂ ಕಡೆಯಿಂದ 3ಕ್ಕೇ ಬರ್ತಿದೆ. 2.01ರಲ್ಲಿ ಎಕ್ಸ್ ಮೈನಸ್ 2 ಅಂದ್ರೆ 0.01, ಚಿಕ್ಕದು ನಿಜ, ಆದ್ರೆ ಸೊನ್ನೆ ಅಲ್ವಲ್ಲ, ಅದಕ್ಕೇ ಧಾರಾಳವಾಗಿ ಹೊಡೆದುಹಾಕಬಹುದು. ಆಮೇಲೆ ಮೇಲೆ ಉಳಿಯೋದು ಎಕ್ಸ್ ವರ್ಗ ಪ್ಲಸ್ 2 ಎಕ್ಸ್ ಪ್ಲಸ್ 4, ಕೆಳಗೆ ಎಕ್ಸ್ ಪ್ಲಸ್ 2. ಇದರಲ್ಲಿ ಛೇದ 2ರ ಹತ್ರ ಸೊನ್ನೆ ಆಗಲ್ಲ, ಹಾಗಾಗಿ ಈಗ 2 ಹಾಕಿದ್ರೆ 12 ಭಾಗ 4, ಅಂದ್ರೆ 3. ಹಾಗಂತ ಮೂಲ ಫಂಕ್ಷನ್‌ಗೆ 2ರಲ್ಲಿ ಬೆಲೆ ಬಂತು ಅಂದ್ಕೋಬೇಡಿ, ಗ್ರಾಫ್ ಬರೆದ್ರೆ ಅಲ್ಲೊಂದು ತೂತು ಇದ್ದೇ ಇರುತ್ತೆ.

ಇನ್ನೊಂದು, ಸೊನ್ನೆ ಭಾಗ ಸೊನ್ನೆ ಬಂದಾಗ ಮಾತ್ರ ಈ ದಾರಿ. ಎಕ್ಸ್ ಪ್ಲಸ್ 1 ಭಾಗ ಎಕ್ಸ್ ಮೈನಸ್ 2 ಕೊಟ್ರೆ ಹೊಡೆದುಹಾಕೋಕೆ ಏನೂ ಇಲ್ಲ, 2.01ಕ್ಕೆ 301 ಬರುತ್ತೆ, 1.99ಕ್ಕೆ ಮೈನಸ್ 299, ಒಂದು ಮೇಲಕ್ಕೆ ಇನ್ನೊಂದು ಕೆಳಕ್ಕೆ ಓಡ್ತಾ ಇದ್ರೆ ಲಿಮಿಟ್ ಇಲ್ಲ ಅಂತಾನೇ ಬರೀಬೇಕು.

ಪರೀಕ್ಷೆಯಲ್ಲಿ 2 ಹಾಕೋ ಸಾಲಿನವರೆಗೂ ಪ್ರತಿ ಸಾಲಲ್ಲೂ ಲಿಮಿಟ್ ಚಿಹ್ನೆ ಬರೀರಿ, ತುಂಬಾ ಜನ ಮಧ್ಯದಲ್ಲೇ ಬಿಟ್ಬಿಡ್ತಾರೆ. ಎಕ್ಸ್ ಇನ್ನೂ 2 ಆಗಿಲ್ಲ ಅಂತ ಹೇಳೋದೇ ಆ ಚಿಹ್ನೆ.