ತಪಸ್ಸುಕಾಲದ ಉಪವಾಸ ಬರೀ ತೋರಿಕೆ ಅನ್ನಿಸುವುದೇಕೆ?

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಮಾಂಸ ಮುಟ್ಟುವುದಿಲ್ಲ, ಯೇಸುವಿನ ಯಾತನೆ ನೆನೆಯುವ ಶುಕ್ರವಾರದ ಶಿಲುಬೆಹಾದಿ ಪ್ರಾರ್ಥನೆ ತಪ್ಪಿಸುವುದಿಲ್ಲ, ಆದರೂ ಬರೀ ತೋರಿಕೆ ಅನ್ನಿಸುತ್ತದೆ ಎಂದು ಕೇಳಿದ್ದೀರಿ.

ಮೊದಲು ಕಟ್ಟಳೆ ಎಷ್ಟಿದೆ ನೋಡಿ. ಕಥೋಲಿಕರಿಗೆ ಕಡ್ಡಾಯದ ಉಪವಾಸ ವರ್ಷಕ್ಕೆ ಎರಡೇ ದಿನ: ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ, ಶುಭ ಶುಕ್ರವಾರ (ಗುಡ್ ಫ್ರೈಡೇ). ಅದೂ 18 ತುಂಬಿದವರಿಗೆ, 59 ತುಂಬುವ ತನಕ. ಒಂದು ಹೊತ್ತು ಪೂರ್ತಿ ಊಟ. ಉಳಿದೆರಡು ಹೊತ್ತಿನದು ಸೇರಿದರೂ ಒಂದು ಊಟದಷ್ಟಾಗಬಾರದು. ಮಾಂಸ ಬಿಡುವ ನಿಯಮ 14 ತುಂಬಿದವರಿಗೆ, ಮೀನಿಗೆ ಅಡ್ಡಿಯಿಲ್ಲ. ಎಡವುವುದು ಇಲ್ಲೇ. ಕೋಳಿ ಬಿಟ್ಟು, ಅದಕ್ಕಿಂತ ದುಬಾರಿಯ ಅಂಜಲ್ ಮೀನಿನ ತವಾ ಫ್ರೈ ಮಾಡಿದರೆ ಕಟ್ಟಳೆ ಮುರಿಯಲಿಲ್ಲ, ಉಪವಾಸವೂ ಆಗಲಿಲ್ಲ.

ತಮಾಷೆಯೆಂದರೆ, ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ವಿಭೂತಿ ಬುಧವಾರವೇ ಚರ್ಚಿನಲ್ಲಿ ಓದುವ ಬೈಬಲ್ ಭಾಗ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯ: ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಳ್ಳಿ, ಜನಕ್ಕೆ ಗೊತ್ತಾಗದಿರಲಿ. ಎರಡು ದಿನ ಬಿಟ್ಟು ಶುಕ್ರವಾರ ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯ. ಅಲ್ಲಿನ ದೂರು ಇನ್ನೂ ನೇರ: ಉಪವಾಸದ ದಿನವೇ ಆಳುಗಳನ್ನು ದುಡಿಸಿ ಹಿಂಡುತ್ತೀರಿ, ಜಗಳ ಕಾಯುತ್ತೀರಿ. ಮನೆಗೆಲಸದವಳು ಜ್ವರದಿಂದ ಎರಡು ದಿನ ಬರಲಿಲ್ಲವೆಂದು ಸಂಬಳ ಹಿಡಿದು, ಸಂಜೆ ಶಿಲುಬೆಹಾದಿಯಲ್ಲಿ ಮಂಡಿಯೂರಿದರೆ ಪ್ರವಾದಿ ಬೈದದ್ದು ನಮ್ಮನ್ನೇ.

ನನ್ನ ಪ್ರಕಾರ, ನಿಮ್ಮ ಉಪವಾಸ ಇನ್ನೊಬ್ಬರಿಗೆ ಮುಟ್ಟುತ್ತಿಲ್ಲ, ಅದಕ್ಕೇ ಹಾಗನ್ನಿಸುತ್ತಿದೆ. 2ನೇ ಶತಮಾನದ ರೋಮಿನ ಕ್ರೈಸ್ತ ಬರಹವೊಂದು ಲೆಕ್ಕವನ್ನೇ ಹೇಳಿಕೊಡುತ್ತದೆ: ಅಂದು ತಿನ್ನಬೇಕಿದ್ದ ಊಟದ ಬೆಲೆ ಲೆಕ್ಕಹಾಕಿ ವಿಧವೆಗೋ ಅನಾಥರಿಗೋ ಕೊಡು. ಹಾಗೇ ಮಾಡಿ. ವಾರಕ್ಕೆ ಒಂದು ಕೆ.ಜಿ. ಮಾಂಸ ತರುತ್ತಿದ್ದರೆ ಆ ದುಡ್ಡನ್ನು ಅದೇ ದಿನ ಡಬ್ಬಿಗೆ ಹಾಕಿ. ತಿಂಗಳ ಕೊನೆಗೆ ನೋಡೋಣ ಎಂದರೆ ಅದು ಮನೆಖರ್ಚಿಗೆ ಕರಗುತ್ತದೆ. ಕೊಡುವಾಗ ಫೋಟೋ ಬೇಡ. ಈಸ್ಟರ್ ದಿನ ಎರಡರಷ್ಟು ಮಾಂಸ ತಂದು ಬಾಕಿ ತೀರಿಸಿಕೊಳ್ಳುವುದೂ ಬೇಡ.

ನೀವು ಮಾತು ಬಿಟ್ಟವರಿದ್ದರೆ ಅವರೊಡನೆ ರಾಜಿಯಾಗುವುದೇ ಮೊದಲ ಕೆಲಸ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ರಾಜಿಯಾಗಿ ಬಾ ಎನ್ನುತ್ತದೆ ಮತ್ತಾಯ 5:24. ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಯಲ್ಲಿ "ಅಣ್ಣನ ಮೇಲೆ ಸಿಟ್ಟಿದೆ" ಎಂದು ಪ್ರತಿ ವರ್ಷ ಹೇಳಿ ಬರುವುದು ಸುಲಭ. ಅಣ್ಣನಿಗೆ ಫೋನ್ ಮಾಡಿ. ವಾಟ್ಸಾಪ್ ಸ್ಟೇಟಸ್‌ಗೆ ಬೈಬಲ್ ವಚನ ಹಾಕಿದರೆ ಅವನೊಡನೆ ಮಾತಾಡಿದಂತಾಗುವುದಿಲ್ಲ.