ಐಪಿಎಲ್ ದುಡ್ಡು ನೋಡಿ ಮಗನ ಪಿಯುಸಿ ಬಿಡಿಸಬೇಡಿ ಅಣ್ಣಾ

ಮಗ ಎಡಗೈ ಸ್ಪಿನ್ನರ್, ಪಿಯುಸಿ ಬಿಡಿಸಿ, ಸಾಲ ಮಾಡಿ ಬೆಂಗಳೂರಿನ ಟಿ20 ಅಕಾಡೆಮಿಗೆ ಸೇರಿಸಲಾ ಅಂತ ಕೇಳಿದ್ದೀರಿ. ಐಪಿಎಲ್ ಸಿಗದಿದ್ದರೂ ಈಗ ಎಲ್ಲ ದೇಶದಲ್ಲೂ ಲೀಗ್ ಇದೆಯಲ್ಲ ಅಂತಲೂ ಬರೆದಿದ್ದೀರಿ. ಅಣ್ಣಾ, ನಾನೂ ಮಂಡ್ಯದವನೇ. ಎಡಗೈ ಸ್ಪಿನ್ನರೇ ಆಗಿದ್ದೆ.

2010ರ ಜನವರಿಯಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ರಾಜ್ಯ ತಂಡಗಳ ರಣಜಿ ಟ್ರೋಫಿ ಫೈನಲ್ ಆಯ್ತಲ್ಲ, ನಾವೊಂದಿಷ್ಟು ಹುಡುಗರು ಬಸ್ ಹತ್ತಿ ಹೋಗಿದ್ದೆವು. ಕೂರಲು ಜಾಗ ಸಿಗದೆ ಜನ ಮರ ಹತ್ತಿದ್ದರು. ನಮ್ಮ ಕರ್ನಾಟಕ ಗೆಲ್ಲಲು 338 ಬೇಕಿತ್ತು. ಮನೀಷ್ ಪಾಂಡೆ 144 ಹೊಡೆದರೂ ಮುಂಬೈ ಎದುರು ಬರೀ 6 ರನ್ನಿನಿಂದ ಸೋತೆವು. ಅಂಥ ಮ್ಯಾಚು ನೋಡಿಕೊಂಡು ವಾಪಸ್ ಬರುವಾಗಲೂ ಬಸ್ಸಿನಲ್ಲಿ ನಮ್ಮ ಮಾತೆಲ್ಲ ಐಪಿಎಲ್ ಹರಾಜಿನದೇ. 2008ರಲ್ಲಿ ಧೋನಿಗೆ 15 ಲಕ್ಷ ಡಾಲರ್ ಕೊಟ್ಟಿದ್ದರು. 2009ರಲ್ಲಿ ಕರ್ನಾಟಕದ್ದೇ ಟಿ20 ಲೀಗ್ ಕೆಪಿಎಲ್ ಕೂಡ ಶುರುವಾಗಿತ್ತು. ಇನ್ನು ರಣಜಿಯಂಥ ನಾಲ್ಕು ದಿನದ ಆಟ ಯಾರಿಗೆ ಬೇಕು ಅಂದುಕೊಂಡೆ.

ಅಲ್ಲಿಂದ ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಮಗನೂ ಅದನ್ನೇ ಮಾಡಬಹುದು ಅನ್ನೋ ಭಯ ನನಗೆ.

ಟಿ20ಗೆ ತಯಾರಾಗುತ್ತೇನೆ ಅಂತ ಫ್ಲೈಟ್ ಕೊಡೋದನ್ನು, ಅಂದರೆ ಚೆಂಡನ್ನು ಗಾಳಿಯಲ್ಲಿ ಎತ್ತರಿಸಿ ನಿಧಾನಕ್ಕೆ ಹಾಕೋದನ್ನು ಬಿಟ್ಟೆ. ಬ್ಯಾಟ್ಸ್‌ಮನ್ ಕಾಲಿಗೆ ಜೋರಾಗಿ, ಚಪ್ಪಟೆಯಾಗಿ ಹಾಕಿದರೆ ಸಿಕ್ಸ್ ಹೋಗಲ್ಲ ಅನ್ನೋದು ನನ್ನ ಲೆಕ್ಕ. ಲೆದರ್ ಬಾಲಿನ ಕ್ಲಬ್ ಡಿವಿಷನ್ ಲೀಗ್ ಮ್ಯಾಚುಗಳನ್ನು ತಪ್ಪಿಸಿ ನಗದು ಬಹುಮಾನ ಇರುವ ಟೆನ್ನಿಸ್ ಬಾಲ್ ಟೂರ್ನಮೆಂಟುಗಳಿಗೆ ಓಡಿದೆ. ಟೆನ್ನಿಸ್ ಬಾಲು ಹಗುರ, ಬೆರಳಿನಿಂದ ಎಷ್ಟು ತಿರುಗಿಸಿದರೂ ಹೆಚ್ಚು ತಿರುಗಲ್ಲ. ಹಾಗಾಗಿ ಬೆರಳು ಕೆಲಸ ನಿಲ್ಲಿಸಿತು, ಭುಜ ಕೆಲಸ ಶುರು ಮಾಡಿತು. ಕಿವಿ ಪಕ್ಕದಿಂದ ಬರುತ್ತಿದ್ದ ಕೈ ನಿಧಾನಕ್ಕೆ ಕೆಳಗಿಳಿಯಿತು. ಮುಂಗಾಲಿನ ಮೇಲೆ ಮೈ ತಿರುಗೋದೂ ನಿಂತಿತು. ವಿಕೆಟ್ ಬೀಳುತ್ತಿತ್ತು, ದುಡ್ಡೂ ಬರುತ್ತಿತ್ತು, ಅದಕ್ಕೇ ನನಗೆ ಗೊತ್ತೇ ಆಗಲಿಲ್ಲ. ಮೈಸೂರು ವಲಯದ ಸೆಲೆಕ್ಷನ್ನಿಗೆ ಹೋದಾಗ ಕೈಗೆ ಲೆದರ್ ಬಾಲ್ ಬಂತು, ಕೆಳಗೆ ಟರ್ಫ್ ವಿಕೆಟ್. ಹಾಕಿದ್ದೆಲ್ಲ ಶಾರ್ಟ್, ಬ್ಯಾಟ್ಸ್‌ಮನ್‌ಗಿಂತ ತುಂಬ ಮುಂಚೆಯೇ ಬೀಳುತ್ತಿತ್ತು. ಓಪನರ್ ಹಿಂದಕ್ಕೆ ಸರಿದು ಕಟ್ ಮಾಡುತ್ತಲೇ ಹೋದ. ಮೊದಲಿಂದ ನನ್ನನ್ನು ನೋಡಿದ್ದ ಕೋಚ್ ಬಂದು, 'ಕೈ ಬಿದ್ದುಹೋಗಿದೆ ಕಣೋ' ಅಂದರು. ಮತ್ತೆ ಅದನ್ನು ಮೇಲೆತ್ತಲು ಆಗಲಿಲ್ಲ. ಓದೂ ಅರ್ಧಕ್ಕೆ ನಿಂತಿತ್ತು.

ಇನ್ನು ನಿಮ್ಮ 'ಎಲ್ಲ ದೇಶದ ಲೀಗು'. ಆ ಬಾಗಿಲು ನಮ್ಮ ಹುಡುಗರಿಗೆ ತೆರೆದೇ ಇಲ್ಲ ಅಣ್ಣಾ. ಭಾರತದಲ್ಲಿ ಆಡುತ್ತಿರುವ ಹುಡುಗರನ್ನು ಬಿಸಿಸಿಐ ಹೊರಗಿನ ಟಿ20 ಲೀಗ್‌ಗಳಿಗೆ ಬಿಡುವುದಿಲ್ಲ. ದಿನೇಶ್ ಕಾರ್ತಿಕ್ 2025ರಲ್ಲಿ ದಕ್ಷಿಣ ಆಫ್ರಿಕಾದ ಎಸ್‌ಎ20 ಆಡಿದ್ದು ನಿವೃತ್ತಿ ಆದ ಮೇಲೆ. ಆ ಲೀಗ್ 2023ರಲ್ಲಿ ಶುರುವಾದಾಗ ಆರಕ್ಕೆ ಆರೂ ತಂಡ ಕೊಂಡವರು ಐಪಿಎಲ್ ಮಾಲೀಕರೇ. ದುಡ್ಡು ನಮ್ಮದು, ಮಾಲೀಕರು ನಮ್ಮವರು, ಆಡೋಕೆ ಮಾತ್ರ ನಮ್ಮ ಹುಡುಗರಿಲ್ಲ. ಹೊರಗಿನ ಆಟಗಾರರಿಗೆ ವರ್ಷಪೂರ್ತಿ ಕೆಲಸ ಸಿಕ್ಕಿದೆ, ನಿಜ. ಟ್ರೆಂಟ್ ಬೌಲ್ಟ್ 2022ರಲ್ಲಿ ನ್ಯೂಜಿಲೆಂಡ್ ಬೋರ್ಡಿನ ಗುತ್ತಿಗೆಯನ್ನೇ ಬಿಟ್ಟರು. 2024ರಲ್ಲಿ ದಕ್ಷಿಣ ಆಫ್ರಿಕಾ ತನ್ನ ಮುಖ್ಯ ಆಟಗಾರರನ್ನು ಎಸ್‌ಎ20 ಲೀಗ್‌ನಲ್ಲಿ ಉಳಿಸಿಕೊಂಡು, ನ್ಯೂಜಿಲೆಂಡಿನ ಟೆಸ್ಟ್‌ಗಳಿಗೆ ಬಹಳಷ್ಟು ಹೊಸಬರನ್ನು ಕಳಿಸಿತು. ನಾಯಕನಿಗೇ ಅದು ಮೊದಲ ಟೆಸ್ಟ್. ಒಂದು ದೇಶದ ಟೆಸ್ಟ್ ಕ್ಯಾಪಿಗೆ ಇಷ್ಟೇನಾ ಬೆಲೆ ಅಂತ ನನಗೆ ಸಂಕಟ ಆಯಿತು, ಈಗಲೂ ಆಗುತ್ತದೆ.

ಐಪಿಎಲ್‌ನಲ್ಲಿ ದುಡ್ಡಿದೆ, ಯಾರು ಇಲ್ಲ ಅಂದರು? 2023ರಿಂದ 2027ರವರೆಗಿನ ಪ್ರಸಾರದ ಹಕ್ಕೇ 48,390 ಕೋಟಿಗೆ ಹೋಗಿದೆ. ಆದರೆ ಇರೋದು ಹತ್ತು ತಂಡ. ತಂಡಕ್ಕೆ ಹೆಚ್ಚೆಂದರೆ 25 ಜನ, ಅದರಲ್ಲಿ 8 ಜನ ವಿದೇಶಿಯರು ಇರಬಹುದು. ಉಳಿದ ಜಾಗಕ್ಕೆ ಇಡೀ ದೇಶದ ಹುಡುಗರು ಕಾಯುತ್ತಾರೆ.

ರಣಜಿಯ ಲೆಕ್ಕವನ್ನು ಯಾರೂ ಹೇಳೋದಿಲ್ಲ. 2021ರಲ್ಲಿ ಬಿಸಿಸಿಐ ಸಂಭಾವನೆ ಏರಿಸಿತು. 20 ಮ್ಯಾಚಿನ ಒಳಗೆ ಆಡಿದ ಹೊಸಬನಿಗೂ ಆಡುವ ಹನ್ನೊಂದು ಜನರಲ್ಲಿದ್ದರೆ ದಿನಕ್ಕೆ 40,000 ರೂಪಾಯಿ. ನಾಲ್ಕು ದಿನದ ಒಂದು ಮ್ಯಾಚಿಗೆ 1.6 ಲಕ್ಷ. ಇದು ಕಡಿಮೆ ದುಡ್ಡಾ? 2024ರಲ್ಲಿ ಮೈಸೂರು ವಾರಿಯರ್ಸ್‌ಗೆ ನಮ್ಮ ರಾಜ್ಯದ ಟಿ20 ಲೀಗ್ ಮಹಾರಾಜ ಟ್ರೋಫಿ ಗೆದ್ದುಕೊಟ್ಟ ಕರುಣ್ ನಾಯರ್‌ನ ನೋಡಿ. ವಿದರ್ಭ ಪರ 2024-25ರ ರಣಜಿ ಸೀಸನ್‌ನಲ್ಲಿ 863 ರನ್ ಹೊಡೆದರು. 2025ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಟೆಸ್ಟ್ ಆಡಿದರು.

ಹಾಗಾಗಿ ಸಾಲ ಬೇಡ. ಪಿಯುಸಿ ಮುಗಿಸಲಿ. ಮಂಡ್ಯದಲ್ಲೋ ಮೈಸೂರಲ್ಲೋ ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎಯ ಲೀಗ್ ಆಡುವ ಒಂದು ಒಳ್ಳೆ ಕ್ಲಬ್ಬಿಗೆ ಸೇರಿಸಿ, ವಲಯದ ವಯೋಮಿತಿ ಸೆಲೆಕ್ಷನ್ ಒಂದನ್ನೂ ತಪ್ಪಿಸಬೇಡಿ. ಸೇರಿಸುವ ಮುಂಚೆ ಕೋಚ್ ಹತ್ತಿರ ಒಂದೇ ಮಾತು ಕೇಳಿ: ಫ್ಲೈಟ್ ಕೊಟ್ಟು ಸಿಕ್ಸ್ ಹೊಡೆಸಿಕೊಂಡರೆ ಹುಡುಗನಿಗೆ ಏನು ಹೇಳ್ತೀರಿ ಅಂತ. 'ಇನ್ನೊಂದು ಹಾಕು' ಅನ್ನೋರ ಹತ್ತಿರ ಬಿಡಿ. ಮತ್ತೆ ಭಾನುವಾರ ಟೆನ್ನಿಸ್ ಬಾಲ್ ಟೂರ್ನಮೆಂಟಿಗೆ ಯಾರಾದರೂ ಬೈಕಲ್ಲಿ ಬಂದು ಕರೆದರೆ, ಬಹುಮಾನ ಎಷ್ಟೇ ಇರಲಿ, ಕಳಿಸಬೇಡಿ.